ಸವೆಯದ ಅಟ್ಟೆ

“ಇನ್ನೊಂದ್ಸಲ ಜಗನ್. ಬೆನ್ನು ಇನ್ನೂ ಸ್ವಲ್ಪ ಬಗ್ಗಲಿ,” ಎಂದಳು ಗಾನವಿ, ಮಾನಿಟರಿನಿಂದ ಕಣ್ಣು ತೆಗೆಯದೆ.

ಜಗನ್ ದೊಡ್ಡಬೀದಿಯ ತುದಿಗೆ ವಾಪಸು ನಡೆದ. ಮೈಮೇಲೆ ಅಪ್ಪ ಕರಿಯಯ್ಯನ ಪಂಚೆ, ಕೈಯಲ್ಲಿ ಅಪ್ಪನ ಚಪ್ಪಲಿ. ಸತ್ತ ಅಪ್ಪನ ಪಾತ್ರವನ್ನು ಮಗನೇ ಮಾಡಲಿ ಎಂಬುದು ಮೈಸೂರಿನಿಂದ ಸಾಕ್ಷ್ಯಚಿತ್ರ ತೆಗೆಯಲು ಬಂದ ಗಾನವಿಯ ಆಸೆ. ತಾಂಡ್ಯದಲ್ಲಿ ತಾನು ದುಡಿಯುವ ಫ್ಯಾಕ್ಟರಿಗೆ ರಜೆ ಹಾಕಿ ಅವನು ಒಪ್ಪಿದ್ದ. ಮೇಲ್ಜಾತಿಯವರ ಈ ಬೀದಿ ಬಂದೊಡನೆ ಅಪ್ಪ ಚಪ್ಪಲಿ ಕಳಚಿ ಕೈಗೆತ್ತಿಕೊಳ್ಳುತ್ತಿದ್ದ ಎಂದು ಕ್ಯಾಮೆರಾ ಮುಂದೆ ಹೇಳಿದವನೂ ಅವನೇ.

ಒಂದನ್ನು ಮಾತ್ರ ಹೇಳಿರಲಿಲ್ಲ. ನರಸೀಪುರದಲ್ಲಿ ಆಸೆಪಟ್ಟು ಕೊಂಡ ಚಪ್ಪಲಿ ಅದು. ಹೊಲಕ್ಕೆ ಬರಿಗಾಲು, ಬಸ್ಸಿಗೆ ಹೋಗಲು ಇದೇ ಬೀದಿ, ಮೆಟ್ಟುವ ಅವಕಾಶವೇ ಸಿಗುತ್ತಿರಲಿಲ್ಲ. ಅಪ್ಪ ಸಾಯುವಾಗಲೂ ಅಟ್ಟೆ ಸವೆದಿರಲಿಲ್ಲ. ಕೈಯಲ್ಲಿ ಹಿಡಿದು ಹಿಡಿದು ಉಂಗುಷ್ಟದ ಪಟ್ಟಿ ಮಾತ್ರ ಬೆವರಿಗೆ ಕಪ್ಪಾಗಿತ್ತು.

“ಥೇಟ್ ಕರಿಯನೇ ಎದ್ ಬಂದಂಗದೆ ಕಣ್ಲಾ!” ತನ್ನ ಮನೆಯ ಜಗಲಿ ಮೇಲೆ ಕೂತ, ಆ ಬೀದಿಯ ಹಿರಿಯ ರಾಚಯ್ಯ ನಕ್ಕ. “ಅವ್ನೂ ಇಂಗೇ ಬಗ್ಗಿ ಓಯ್ತಿದ್ದ.”

ಬೇವಿನ ಮರದಡಿ ಕೂತು ನೋಡುತ್ತಿದ್ದ ಅವ್ವ ಮರಿತಾಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ಜಗನ್ ಅದನ್ನು ಕಂಡ. ಚಪ್ಪಲಿ ನೆಲಕ್ಕೆ ಬಿಸಾಕಿ ಮೆಟ್ಟಿದ. ಬೀದಿಯ ನಟ್ಟನಡುವೆ ಎದೆ ಸೆಟೆಸಿ ನಡೆದ.

“ಜಗನ್! ನಿಮ್ಮ ತಂದೆ ಹೀಗೆ ನಡೀಲಿಲ್ಲ ಅಲ್ವಾ? ನೀವೇ ಹೇಳಿದ್ದು. ಇದು ಸುಳ್ಳಾಗುತ್ತೆ.”

“ಅಪ್ಪ ಮಾಡಿದ್ನ ಏಳಿದ್ದೆ ಮೇಡಂ. ಅವ್ನ ಮನಸಲ್ ಏನಿತ್ತು ಅಂತ ನೀವು ಕೇಳ್ನಿಲ್ಲ.”

“ಅದು ನಿಮಗೆ ಹೇಗೆ ಗೊತ್ತು?”

“ಗೊತ್ತಿಲ್ಲ. ಊಹೆ ಮಾಡಿ ಕಟ್ಕತೀನಿ. ನೀವು ನನ್ ಬೆನ್ನ ಬಗ್ಗಿಸ್ತಿಲ್ವಾ, ಅಂಗೇ.”



“ಲೇ, ನಡೆದಿದ್ನ ತೋರ್ಸ್ಲಾ,” ರಾಚಯ್ಯ ಗದರಿದ. “ನಾನೇ ಕಣ್ಣಾರೆ ನೋಡಿವ್ನಿ!”

“ಇದ್ನೂ ನೋಡುದ್ರಲ್ಲ ರಾಚಯ್ನೋರೆ. ನಾಳೆ ಯಾರಾರ ಕೇಳುದ್ರೆ ಇದ್ನೂ ಏಳಿ.”

ಅಪ್ಪ ಕೈಮುಗಿದು ‘ಬುದ್ದಿ’ ಎನ್ನುತ್ತಿದ್ದವನನ್ನು ಮಗ ಹೆಸರು ಹಿಡಿದು ಕರೆದಿದ್ದ. ರಾಚಯ್ಯ ದಡಕ್ಕನೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಗಾನವಿ ಕ್ಯಾಮೆರಾ ಹಿಡಿದಿದ್ದ ಮಹೇಂದ್ರನತ್ತ ತಿರುಗಿದಳು. ಅವನು ನಿಲ್ಲಿಸಿರಲಿಲ್ಲ. ನಿಲ್ಲಿಸು ಎಂದು ಅವಳೂ ಹೇಳಲಿಲ್ಲ.

ಜಗನ್ ಬೀದಿಯನ್ನು ಪೂರ್ತಿ ನಡೆದು, ಬೇವಿನ ಮರದ ಹತ್ತಿರ ಬಂದು ಚಪ್ಪಲಿ ಬಿಟ್ಟ. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು.

“ಕಚ್ತಾ ಮಗಾ?”

“ಊಂ ಕಣವ್ವ. ಒಸದಲ್ವಾ.”

ಅವ್ವ ಒಂದನ್ನು ಎತ್ತಿ ತಿರುಗಿಸಿದಳು. ಅಟ್ಟೆಗೆ ಬೀದಿಯ ಧೂಳು ಮೆತ್ತಿತ್ತು. ಒರೆಸಲೆಂದು ಸೆರಗು ಹಿಡಿದವಳು, ಬಿಟ್ಟು, ಧೂಳಿನ ಸಮೇತ ಮಡಿಲಲ್ಲಿಟ್ಟುಕೊಂಡಳು.