ನಲವತ್ತು ದಿನದ ಖುಷಿ

ಟಿಣ್ ಅಂತು ಫೋನು, ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಚೂರುಗಳ ಅಡಿಯಲ್ಲೆಲ್ಲೋ, ಬಂತು ನೋಡು ಪೀಡೆ — ಗಂಡನ ಗದ್ದ ಒಂದು ಕೈಲಿ, ಔಷಧಿ ಚಮಚ ಇನ್ನೊಂದು ಕೈಲಿ, ಮೂರನೇ ಕೈ ಎಲ್ಲಿಂದ ತರಬೇಕು ಅವಳು, ಒತ್ತದಿದ್ದರೆ ಐದೈದು ನಿಮಿಷಕ್ಕೆ ಬಡಕೊಳ್ಳುತ್ತೆ, ಇವತ್ತು ನೀವು ಹೇಗಿದ್ದೀರಿ, ಕೆಳಗೆ ಎರಡು ಹಳದಿ ಮುಖ, ನಗೋದೊಂದು, ಅಳೋದೊಂದು. ಇರ್ರಿ, ಎರಡು ಬೆರಳು ಎತ್ತಬೇಡಿ, ಮಗ್ಗುಲು ಆಮೇಲೆ ಬದಲಿಸ್ತೀನಿ, ಲಕ್ವ ಹೊಡೆದು ಮಾತು ಹೋದ ಮೇಲೆ ಇವರ ಭಾಷೆಯೇ ಇಷ್ಟು, ಎಡಗೈಯಲ್ಲಿ ಒಂದು ಬೆರಳು ಅಂದ್ರೆ ನೀರು, ಎರಡು ಅಂದ್ರೆ ಮಗ್ಗುಲು. ಆಸ್ಪತ್ರೆಯ ನರ್ಸಮ್ಮ ಈ ಆ್ಯಪನ್ನ ಫೋನಿಗೆ ಹಾಕಿಕೊಟ್ಟಾಗ ಎಷ್ಟು ಚೆನ್ನಾಗಿ ಹೇಳಿದ್ದಳು, ಅಕ್ಕಾ, ಇದು ಅವರಿಗಲ್ಲ, ಅವರನ್ನ ನೋಡಿಕೊಳ್ಳೋ ನಿಮಗೆ, ನಿಮಗೆ ಕಷ್ಟ ಅಂತ ನಮ್ಮ ಕಚೇರಿಗೆ ಗೊತ್ತಾದರೆ ವಾರಕ್ಕೆ ಎರಡು ಮಧ್ಯಾಹ್ನ ಯಾರಾದರೂ ಬಂದು ಕೂರ್ತಾರೆ. ಎರಡು ಮಧ್ಯಾಹ್ನ! ಕತ್ತರಿಸಿಟ್ಟ ಎಂಟು ಅಂಗಿಗೆ ತೋಳು ಕೂರಿಸಬಹುದು, ಇಲ್ಲಾ ಕಾಲು ಚಾಚಿ ಮಲಗಬಹುದು, ಯಾರಪ್ಪನ ಗಂಟೇನು ಹೋಗುತ್ತೆ. ಮೊದಲ ದಿನ ಅಳೋದನ್ನೇ ಒತ್ತಿದ್ದಳು, ತಗೋ, ಹನ್ನೆರಡು ಪ್ರಶ್ನೆ, ನಿದ್ದೆ ಎಷ್ಟು, ಹಸಿವು ಎಷ್ಟು, ಒಂದರಿಂದ ಹತ್ತರೊಳಗೆ ನಿಮ್ಮ ದುಃಖ ಎಷ್ಟು, ದುಃಖವೇನು ಸೊಂಟದ ಸುತ್ತಳತೆಯೇ ಟೇಪು ಹಿಡಿದು ಹೇಳೋಕೆ, ಏಳನೇದಕ್ಕೆ ಬರೋಷ್ಟರಲ್ಲಿ ಇವರು ಮಂಚದಿಂದ ಅರ್ಧ ಜಾರಿದ್ದರು. ಅವತ್ತಿಂದ ನಗೋ ಮುಖ, ಒಂದೇ ಏಟು, ಬಾಯಿ ಮುಚ್ಚುತ್ತೆ.

ಮುಚ್ಚಿತ್ತು, ಇವತ್ತು ಬೆಳಿಗ್ಗೆ ಕಚೇರಿಯವಳು ಫೋನ್ ಮಾಡೋವರೆಗೆ, ಮೇಡಂ, ನಲವತ್ತು ದಿನದಿಂದ ತುಂಬಾ ಖುಷಿಯಾಗಿದ್ದೀರಿ, ಸಹಾಯದ ಪಟ್ಟಿಯಿಂದ ತೆಗೀತಾ ಇದೀವಿ, ಅಯ್ಯೋ ತಾಯಿ, ಅದು ಖುಷಿಯಲ್ಲ, ಅವಸರ, ಇರಬಹುದು ಮೇಡಂ, ಸಿಸ್ಟಮ್ಮಲ್ಲಿ ಹಾಗಿಲ್ಲ, ಇವತ್ತು ಬೇರೆ ಮುಖ ಬಂದರೆ ನೋಡೋಣ — ಸಿಸ್ಟಮ್ಮಂತೆ, ಅದರ ತಲೆ, ಇಲ್ಲಿಗೆ ಬಂದು ನೋಡಲಿ ನನ್ನ ಮುಖಾನ. ಚಮಚ ಇಟ್ಟು ಫೋನು ಎಳೆದುಕೊಂಡಳು, ಬೆರಳು ಅಳೋ ಮುಖದ ಹತ್ತಿರ ಹೋಗಿ ನಿಲ್ಲುತ್ತೆ, ಇವರು ನೋಡ್ತಿದ್ದಾರೆ, ಮಾತು ಹೋಗಿದೆ, ಕಣ್ಣು ಹೋಗಿಲ್ಲ, ಮೊದಲ ದಿನ ಒತ್ತಿದಾಗಲೂ ನೋಡಿದ್ದರು, ನೋಡಿ ಗೋಡೆ ಕಡೆ ಮುಖ ತಿರುಗಿಸಿದ್ದರು, ಎದುರಿಗೇ ಹೇಗೆ ಒತ್ತೋದು, ನೀವು ನನಗೆ ಸಾಕಾದ್ರಿ ಅಂತ, ಥೂ, ಹಾಳಾಗಿ ಹೋಗಲಿ, ನಗೋದೇ ಒತ್ತಿಬಿಡ್ತೀನಿ — ಎಡಗೈ ಬಂದು ಅವಳ ಮಣಿಕಟ್ಟು ಹಿಡಿಯಿತು, ಎಳೆಯಿತು, ಅವಳ ಬೆರಳನ್ನ ಅಳೋ ಮುಖದ ಮೇಲೆ ಅದುಮಿತು. ಏನ್ರೀ ಇದು, ಬಿಡ್ರೀ, ಬಿಟ್ಟರು, ಬಿಟ್ಟು ಮೂರು ಬೆರಳು ಎತ್ತಿದರು, ಮೂರು? ಒಂದು ನೀರು, ಎರಡು ಮಗ್ಗುಲು, ಮೂರು ಅನ್ನೋದೇ ನಮ್ಮಲ್ಲಿಲ್ಲವಲ್ಲ, ಏನು ಬೇಕ್ರೀ, ಗದ್ದ ಫೋನಿನ ಕಡೆ ಆಡಿಸಿದರು, ಮೊದಲನೇ ಪ್ರಶ್ನೆ ಬಂದು ಕೂತಿದೆ, ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದಿರಿ — ಮೂರು, ಹೌದು, ಮೂರೇ, ಆದರೆ ನಿಮಗೆ ಹೇಗೆ ಗೊತ್ತು, ನೀವು ಕಣ್ಣು ಮುಚ್ಚಿಕೊಂಡೇ ಇರ್ತಿದ್ದಿರಲ್ಲ, ಅಂದರೆ ಇಷ್ಟು ದಿನ ನೀವೂ — ಮೂರು ಬೆರಳು, ಇನ್ನೂ ಇಳಿಸಿಲ್ಲ, ಮೂರು ಬೆರಳು