ಕಲೆ ಬೀಳದ ಪುಸ್ತಕಗಳು

ವಿಜ್ಞಾನದ ಮೇಡಂ ಕೈಗೆ ಆ ಪತ್ರ ಬಂದಾಗ ಶಾಲೆ ಬಿಡಲು ಇನ್ನೊಂದು ಪಿರಿಯಡ್ ಬಾಕಿಯಿತ್ತು. ಎರಡೇ ಸಾಲು. ಪುಸ್ತಕ ಕೊಟ್ಟ ಟ್ರಸ್ಟಿನವರು ನಾಳೆ ಹತ್ತು ಗಂಟೆಗೆ ಬರುತ್ತಾರೆ. ಮಕ್ಕಳು ಪುಸ್ತಕ ಬಳಸಿದ್ದು ಕಂಡರೆ ಮಾತ್ರ ಮುಂದಿನ ವರ್ಷದ್ದು ಕಳಿಸುತ್ತಾರೆ. 

ಆ ಶಾಲೆಗೆ ಹೊಸ ಪುಸ್ತಕ ಬಂದದ್ದೇ ಈ ವರ್ಷ. ಅದಕ್ಕೆ ಮುಂಚೆ ಆರು ಮಕ್ಕಳಿಗೆ ಒಂದು ಹರಕು ಪುಸ್ತಕ. ಅದರಲ್ಲೂ ಹೃದಯದ ಪಾಠವನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರು. ಹಾಗಾಗಿ ಬಣ್ಣದ ಚಿತ್ರಗಳ ಮೂವತ್ತೆಂಟು ಪುಸ್ತಕ ಬಂದ ದಿನ ಮೇಡಂ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಹಂಚಿದ್ದರು. ಹಂಚಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಗೀಟು ಬೀಳಬಾರದು, ಮೂಲೆ ಮಡಚಬಾರದು, ಕಲೆಯಾಗಬಾರದು, ತಿಂಗಳ ಕೊನೆಯ ಶುಕ್ರವಾರ ತಪಾಸಣೆ, ಹಾಳು ಮಾಡಿದವರ ಪುಸ್ತಕ ವಾಪಸ್ ಎಂದು ಕಟ್ಟಪ್ಪಣೆಯನ್ನೂ ಮಾಡಿದ್ದರು.

ಮಕ್ಕಳು ಹೇಳಿದ ಮಾತು ಕೇಳುವುದಿಲ್ಲವೆಂದು ಯಾರಾದರೂ ಅಂದರೆ ನಂಬಬೇಡಿ. ಚಾಚೂ ತಪ್ಪದೆ ಕೇಳಿದ್ದವು. ಒಬ್ಬಳ ತಾಯಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ಇನ್ನೊಬ್ಬನದು ಬಂದ ಪ್ಲಾಸ್ಟಿಕ್ ಚೀಲದಿಂದ ತಪಾಸಣೆಗೆ ಬಿಟ್ಟರೆ ಹೊರಗೇ ಬರುತ್ತಿರಲಿಲ್ಲ. ಪಾಠವನ್ನೆಲ್ಲ ಬೋರ್ಡಿನಿಂದ ಬರೆದುಕೊಂಡು ಪಾಸಾಗುತ್ತಿದ್ದರು. ಮೇಡಂ ಕೂಡ ಪ್ರತಿ ತಪಾಸಣೆಯಲ್ಲೂ ಹೊಳೆಯುವ ರಟ್ಟು ನೋಡಿ ಬೀಗುತ್ತಿದ್ದರು.

ಮನೆಯಲ್ಲಿಟ್ಟವರನ್ನು ಓಡಿಸಿ, ಮೂವತ್ತೆಂಟನ್ನೂ ಮೇಜಿನ ಮೇಲೆ ತರಿಸಿಕೊಂಡು ಒಂದನ್ನು ತೆರೆದರು. ಪುಸ್ತಕದ ಬೆನ್ನು ಕಿರ್ರೆಂದಿತು. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಮತ್ತೊಂದರಲ್ಲಿ ಎರಡು ಹಾಳೆ ಅಚ್ಚಿನ ಮನೆಯಲ್ಲಿ ಅಂಟಿಕೊಂಡದ್ದು ಹಾಗೇ ಇತ್ತು.  ಈ ಮಕ್ಕಳು ಮತ್ತೆ ಹರಕು ಪುಸ್ತಕಕ್ಕೆ ಹೋಗುತ್ತಾರೆ, ಅದೂ ತನ್ನಿಂದ. ಎರಡು ಚೀಲಕ್ಕೆ ತುಂಬಿಕೊಂಡು, ಸೋತ ತೋಳಿನಲ್ಲಿ ಎಳೆದುಕೊಂಡು ಮನೆಗೆ ಬಂದರು.

ಅತ್ತೆ ಚಹಾ ಕುಡಿಯುತ್ತಿದ್ದರು. ಸೊಸೆಯ ಮುಖ ನೋಡಿ ಲೋಟ ಕೆಳಗಿಟ್ಟರು.

"ಏನಾಯ್ತೇ? ಯಾಕೆ ಹೀಗೆ ಬಿಳಿಚಿಕೊಂಡಿದೀಯ?"

"ಅತ್ತೆ, ಇವನ್ನೆಲ್ಲ ಓದಿ ಓದಿ ಸವೆದಿರೋ ಹಾಗೆ ಮಾಡಬೇಕು. ಬೆಳಗ್ಗೆಯೊಳಗೆ."

"ಓದಿದ್ರೆ ತಾನಾಗೇ ಸವೆಯತ್ತಲ್ಲ?"

"ಅದಕ್ಕೇ ಟೈಮಿಲ್ಲ ಅನ್ನೋದು."

ಅತ್ತೆ ಅರ್ಧ ರಾಶಿಯನ್ನು ತಮ್ಮ ಕಡೆಗೆಳೆದುಕೊಂಡರು. ಮೇಡಂ ನೀಲಿ ಪೆನ್ಸಿಲ್ ಹಿಡಿದು ಸಿಕ್ಕ ಸಿಕ್ಕ ಸಾಲಿನ ಕೆಳಗೆ ಗೀಟೆಳೆದರು, ಮೂಲೆ ಮಡಚಿದರು. ಅತ್ತೆ ಬೆರಳನ್ನು ಚಹಾದಲ್ಲಿ ಅದ್ದಿ ಶ್ರದ್ಧೆಯಿಂದ ಕಲೆ ಹಾಕಿದರು. ಹಾಕುತ್ತ ಹಾಕುತ್ತ ಓದತೊಡಗಿದರು.

"ಇಲ್ಲಿ ನೋಡು, ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳತ್ತಂತೆ. ಮತ್ತೆ ನಂಗೆ ನೀನು ನೆಟ್ಟಗೇ ಕಾಣ್ತೀಯಲ್ಲ?"

"ಆಮೇಲೆ ಹೇಳ್ತೀನಿ ಅತ್ತೆ, ಮಡಚಿ."

"ಈ ಪುಟ ಯಾಕೋ ಒರಟೊರಟು. ಬೇರೆಯವೆಲ್ಲ ನುಣ್ಣಗಿದಾವೆ."

"ಏನಾದ್ರೂ ಇರ್ಲಿ ಬಿಡಿ, ಕಲೆ ಹಾಕಿ."

ಹಾಕಿದರು.

ಮರುದಿನ ಬೆಳಗ್ಗೆ ಪುಸ್ತಕಗಳು ಮಕ್ಕಳ ಕೈಗೆ ಬಂದವು. ಮಕ್ಕಳು ಕಲೆ ಮುಟ್ಟಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಟ್ರಂಕಿನ ಹುಡುಗಿಯ ಗಲ್ಲ ನಡುಗುತ್ತಿತ್ತು. ಅವಳಿಗೆ ಏನಾದರೂ ಹೇಳೋಣವೆಂದರೆ ಬಾಗಿಲಲ್ಲಿ ಆಗಲೇ ಟ್ರಸ್ಟಿನ ಹಿರಿಯರು ನಿಂತಿದ್ದರು.

ಸಣಕಲು ಮನುಷ್ಯ, ಮೆತ್ತನೆ ಮಾತು. ಮೊದಲ ಬೆಂಚಿನ ಪುಸ್ತಕ ತೆರೆದರು, ಎರಡನೆಯದು, ಮೂರನೆಯದು. 

"ಎಲ್ಲಾ ಮಕ್ಕಳ ಮನೇಲೂ ಒಂದೇ ಬಣ್ಣದ ಚಹಾನಾ ಮೇಡಂ?" ಎಂದು ಹಿರಿಯರು ಕೇಳಿದರು. "ಪೆನ್ಸಿಲ್ಲೂ ಒಂದೇ."

 ಹಿರಿಯರು ಮುಂದೆ ಹೋಗುತ್ತಲೇ ಇದ್ದರು. ಕೊನೆಯ ಬೆಂಚಿನಲ್ಲಿ ಕೂರುವ ದಪ್ಪ ಕನ್ನಡಕದ ಹುಡುಗಿಯನ್ನು ಎಲ್ಲರೂ ಚಾಳೀಸು ಎಂದೇ ಕರೆಯುತ್ತಿದ್ದರು. ಅವಳ ಪುಸ್ತಕದಲ್ಲಿ ಕಣ್ಣಿನ ಪಾಠದ ಮೇಲೆ ಹಿರಿಯರ ಹೆಬ್ಬೆರಳು ನಿಂತಿತು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನ ಕಾಗದ ಉಜ್ಜಿ ಉಜ್ಜಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಮುಂದಿನ ಪುಟವೂ ಹಾಗೇ, ಅದರ ಮುಂದಿನದೂ.

"ಇಲ್ಲಿ ಏನು ಮಾಡಿದೀಯಮ್ಮ?"

ಚಾಳೀಸು ಎದ್ದು ನಿಂತಳು. ಅವಳು ನೋಡಿದ್ದು ಹಿರಿಯರನ್ನಲ್ಲ, ಮೇಡಂ ಮುಖವನ್ನು.

"ತಪ್ಪಾಯ್ತು ಮೇಡಂ. ಅರ್ಥ ಆಗ್ದೇ ಇದ್ದದ್ದನ್ನ ಪಕ್ಕದಲ್ಲಿ ಬರ್ಕೊಂಡಿದ್ದೆ. ತಪಾಸಣೆ ಹಿಂದಿನ ದಿನ ಎಲ್ಲಾ ಅಳಿಸಿಬಿಟ್ಟಿದೀನಿ. ಪುಸ್ತಕ ವಾಪಸ್ ತಗೋಬೇಡಿ."

ತಿಂಗಳ ಕೊನೆಯ ಶುಕ್ರವಾರಗಳು ಮೇಡಂಗೆ ಒಂದೊಂದಾಗಿ ನೆನಪಾದವು. ಈ ಹುಡುಗಿಯ ಪುಸ್ತಕವನ್ನೂ ತಿರುವಿ ಹಾಕಿ, 'ಗುಡ್' ಎಂದು ತಲೆ ಸವರಿದ್ದರು. ನಾಚಿಕೆಯಿಂದ ಕಿವಿಯವರೆಗೆ ಬಿಸಿಯಾಯಿತು.

"ತಪ್ಪು ಅವಳದಲ್ಲ ಸರ್," ಎಂದರು. "ಬರೀಬಾರದು ಅಂದವಳು ನಾನು. ನಿನ್ನೆ ಈ ಗೀಟು, ಕಲೆ ಎಲ್ಲಾ ಮಾಡಿದವಳೂ ನಾನೇ. ಮಕ್ಕಳು ಪುಸ್ತಕಾನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದಾರೆ. ತೆಗೆಯೋದಕ್ಕೆ ಬಿಡದೇ ಇದ್ದವಳು ನಾನು."

ಟ್ರಂಕಿನ ಹುಡುಗಿ ಈಗ ಸದ್ದು ಮಾಡಿಯೇ ಅತ್ತಳು. ಹಿರಿಯರು ಚಾಳೀಸಿನ ಕಡೆ ತಿರುಗಿದರು.

"ಈ ಪುಟದಲ್ಲಿ ಏನು ಬರ್ದಿದ್ದೆ, ನೆನಪಿದೆಯಾ?"

"ಇದೆ ಸರ್. ಚಿತ್ರ ತಲೆಕೆಳಗೆ ಬಿದ್ರೆ ನಮಗೆ ನೆಟ್ಟಗೆ ಹೇಗೆ ಕಾಣತ್ತೆ ಅಂತ."

ಮೇಡಂ ಕಣ್ಣು ತುಂಬಿ ಬಂತು. ನಿನ್ನೆ ಅತ್ತೆ ಕೇಳಿದ್ದೂ ಇದನ್ನೇ. ಇಬ್ಬರಿಗೂ ಉತ್ತರ ಕೊಟ್ಟಿರಲಿಲ್ಲ.

ಹಿರಿಯರು ಚೀಲ ಎತ್ತಿಕೊಂಡರು. "ಕಂಡದ್ದನ್ನೇ ಬರೀತೀನಿ ಮೇಡಂ. ಮೂವತ್ತೇಳು ಪುಸ್ತಕ ನೀವು ಬಳಸಿದೀರಿ, ಒಂದನ್ನ ಒಂದು ಮಗು ಬಳಸಿದೆ. ಅದೊಂದನ್ನೇ ನೋಡಿ ಮುಂದಿನ ವರ್ಷದ್ದು ಕೊಡೋಕೆ ಬರಲ್ಲ. ಎರಡು ತಿಂಗಳು ಬಿಟ್ಟು ಬರ್ತೀನಿ. ಆ ಸಲ ಪತ್ರ ಹಾಕಲ್ಲ."

ಅವರು ಹೋದ ಮೇಲೆ ಮೇಡಂ ತರಗತಿಯ ಕಡೆ ತಿರುಗಿದರು. ಎರಡೇ ತಿಂಗಳು. ಬೋರ್ಡಿನ ಮೇಲೆ ಏನೂ ಬರೆಯದೆ, "ಎಲ್ಲರೂ ಕಣ್ಣಿನ ಪಾಠ ತೆಗೀರಿ. ಗೊತ್ತಾಗ್ದೇ ಇದ್ದದ್ದನ್ನ ಪಕ್ಕದಲ್ಲೇ ಬರೀರಿ," ಎಂದರು. ಮೂವತ್ತೆಂಟು ಮಕ್ಕಳಲ್ಲಿ ಒಬ್ಬರೂ ಬರೆಯಲಿಲ್ಲ. ಇದೂ ಒಂದು ತಪಾಸಣೆಯೇ ಇರಬೇಕೆಂದು ಅವರಿಗೆ ಹೆದರಿಕೆ.

ಮೇಡಂ ಕೊನೆಯ ಬೆಂಚಿಗೆ ಹೋದರು. ಚಾಳೀಸು ಪೆನ್ಸಿಲನ್ನೇನೋ ಹಿಡಿದಿದ್ದಳು. ಎಡಗೈಯ ಮುಷ್ಟಿಯಲ್ಲಿ ರಬ್ಬರು ಬಿಗಿಯಾಗಿತ್ತು. ಮೇಡಂ ಕೈ ಚಾಚಿದರು. ಹುಡುಗಿ ಮುಷ್ಟಿ ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡಳು. ಅಷ್ಟು ಹೊತ್ತೂ ಮೇಡಂ ಕೈ ಚಾಚಿಕೊಂಡೇ ನಿಂತಿದ್ದರು.