ತೋಡರನ ಪಿಶಾಚಿಗೆ ಬೇಯಿಸಿದ ಗೋಧಿ

ನಮ್ಮೂರ ಹುಡುಗಿ ಇಲಿಂಕಾ ತೆಗೆದ ಸಿನಿಮಾವನ್ನು ಊರಿನ ಸಭಾಭವನದಲ್ಲಿ ತೋರಿಸಿದ್ದು ಒಂದು ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ. ರಕ್ತಪಿಶಾಚಿಯ ಕಥೆ, ಹೆದರಿಸಬೇಕು, ನಗಿಸಲೂ ಬೇಕು. ರಾಜಧಾನಿ ಬುಖಾರೆಸ್ಟಿನ ಪತ್ರಿಕೆಗಳು ಎರಡೂ ಆಗಿಲ್ಲ ಎಂದು ಬರೆದಿದ್ದವು.

"ನಮ್ಮೂರವರೂ ನಗದಿದ್ರೆ ಕ್ಯಾಮೆರಾ ಮಾರಿಬಿಡ್ತೀನಿ ಟೀಚರ್," ಎಂದು ಅವಳು ಬಾಗಿಲಲ್ಲೇ ನನ್ನ ಕೈ ಹಿಡಿದಳು. ಅವಳಿಗೆ ಅಕ್ಷರ ಕಲಿಸಿದವಳು ನಾನು.

ಪಿಶಾಚಿಯಾಗಿ ನಟಿಸಿದವನು ನಮ್ಮ ಅಂಚೆಯವನು ತೋಡರ್. ಸಿನಿಮಾದಲ್ಲಿ ಅವನು ಹೂತ ಮಾರನೆಯ ದಿನವೇ ಎದ್ದು ಬಂದು, ಹಲ್ಲುನೋವಿನಿಂದ ನರಳುತ್ತಾ ಅತ್ತೆಯ ಕತ್ತು ಹುಡುಕುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ. ಬೇರೆ ಯಾರೂ ನಗಲಿಲ್ಲ. ಹೆಂಗಸರು ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ಗೋಡೆಗೊರಗಿದ್ದ ಇಲಿಂಕಾಳ ಮುಖ ನೋಡಿ ಬಡಗಿ ವಾಸಿಲೆ ಸದ್ದಿಲ್ಲದೆ ಎದ್ದು, ಕೂರಲೆಂದು ತನ್ನ ಕುರ್ಚಿಯನ್ನು ಅವಳತ್ತ ಸರಿಸಿದ.

ಸಿನಿಮಾ ಮುಗಿದಾಗ ಪರಸ್ಕೀವಾಜ್ಜಿ ಎದ್ದು ನಿಂತಳು.

"ಅಲ್ವೇ ಇಲಿಂಕಾ, ಪ್ರಾಣ ಹೋಗೋವಾಗ ಅವನ ಕೈಗೆ ಯಾರಾದ್ರೂ ಮೇಣದಬತ್ತಿ ಕೊಟ್ರಾ?"

"ಇಲ್ಲ ಅಜ್ಜಿ, ಅದು ಸಿನಿಮಾ..."

"ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಅವನ ಹೆಸರಲ್ಲಿ ಗೋಧಿ ಬೇಯಿಸಿ ಹಂಚಿದ್ರಾ?"

"ಇಲ್ಲ."

"ಮತ್ತೆ ಎದ್ದು ಬರದೆ ಏನ್ಮಾಡ್ತಾನೆ, ಪಾಪ! ದಿಕ್ಕಿಲ್ಲದವನನ್ನ ನೋಡಿ ನಗೋದಾದ್ರೂ ಹೆಂಗೆ?"

"ಅಜ್ಜಿ, ನಾನು ಬದುಕಿದೀನಿ, ಇಲ್ಲೇ ಕೂತಿದೀನಿ!" ಎಂದ ತೋಡರ್.

"ನೀನು ಸುಮ್ನಿರೋ. ಗೋಧಿ ನಿನಗಲ್ಲ, ಪರದೆ ಮೇಲಿದ್ನಲ್ಲ, ಅವನಿಗೆ."

ಎಲ್ಲರೂ ಪಾದ್ರಿಯತ್ತ ತಿರುಗಿದರು. "ಸಿನಿಮಾದವನಿಗೆ ನಾನು ಪ್ರಾರ್ಥನೆ ಮಾಡಲ್ಲಮ್ಮ," ಎಂದರು ಅವರು. "ಆದ್ರೆ ನಾಕು ಜನಕ್ಕೆ ಗೋಧಿ ಹಂಚೋಕೆ ನನ್ನ ಅಪ್ಪಣೆ ಯಾಕೆ?"

ಶನಿವಾರ ಅಜ್ಜಿಯ ಮನೆಯಲ್ಲಿ ಗೋಧಿ ಬೆಂದಿತು. ಇಲಿಂಕಾ ತುಟಿ ಬಿಗಿದುಕೊಂಡು ಅದಕ್ಕೆ ಬೆರೆಸಲು ಅಕ್ರೋಟು ಒಡೆಯುತ್ತಿದ್ದಳು. ಹಂಚುವಾಗ ಸತ್ತವನ ಹೆಸರು ಹೇಳಬೇಕು. ಅವಳು ತನ್ನ ಪಿಶಾಚಿಗೆ ಹೆಸರೇ ಇಟ್ಟಿರಲಿಲ್ಲ.

"ಗ್ರಿಗೊರೆ," ಎಂದಳು ಕೊನೆಗೆ. "ನಮ್ಮ ತಾತನ ಹೆಸರು."

"ದೇವರು ಗ್ರಿಗೊರೆಯನ್ನು ಕ್ಷಮಿಸಲಿ," ಎನ್ನುತ್ತಾ ಪ್ರತಿಯೊಬ್ಬರೂ ಬಟ್ಟಲು ತೆಗೆದುಕೊಂಡರು. ತೋಡರ್ ಎರಡು ಬಟ್ಟಲು ತಿಂದ.

ಮರುದಿನ ಊರವರೆಲ್ಲ ತಾವಾಗಿಯೇ ಸಭಾಭವನಕ್ಕೆ ಬಂದು ಕೂತರು. ಸಿನಿಮಾ ಇನ್ನೊಮ್ಮೆ ಹಾಕಬೇಕಂತೆ. ಪರದೆಯ ಮೇಲೆ ಸಮಾಧಿಯ ಮಣ್ಣು ಅಲುಗಿತು, ಕೈ ಹೊರಬಂತು.

"ಅಷ್ಟು ತಿಂದ್ಮೇಲೂ ಎದ್ದೆಯೇನೋ ಗ್ರಿಗೊರೆ, ಹೊಟ್ಟೆಬಾಕ!" ಎಂದು ಪರಸ್ಕೀವಾಜ್ಜಿ ಕೂಗಿದಳು.

ಸಭಾಭವನವೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಸಿನಿಮಾದ ಮುಂದಿನ ಒಂದು ಮಾತೂ ಕೇಳಿಸಲಿಲ್ಲ. ಇಲಿಂಕಾ ಬಂದು ನನ್ನ ಪಕ್ಕ ಕುಸಿದು ಕೂತಳು, ಕಣ್ಣು ಒದ್ದೆಯಾಗಿತ್ತು.

"ಟೀಚರ್, ಅವರು ನಗ್ತಿರೋದು ನಾನು ಬರೆದಿದ್ದಕ್ಕಲ್ಲ."

"ಸುಮ್ನೆ ಕೂತು ನೀನೂ ನಗು," ಎಂದೆ.